ತೋಂಡಿ ಹುಕುಂ

ಮುದ್ದೇಬಿಹಾಳದ ಕಲಾಯಿಗಾರರ ಓಣಿಯಲ್ಲಿ ಹುಟ್ಟಿದ ಅಮೀನುದ್ದೀನನ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಅವನಪ್ಪ ತಾಳಿಕೋಟೆ ಸಂತೆಯಲ್ಲಿ ತಿದಿ ಊದಿ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವವ. ಸಹಿ ಮಾಡಲು ಬಾರದೆ ಹೆಬ್ಬೆಟ್ಟು ಒತ್ತುವವ. ಮಗ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ದಿನ ಅವನು ಬರೆದ ಹಾಳೆಯೊಂದನ್ನು ಕೈಯಲ್ಲಿ ಹಿಡಿದು ಓಣಿಯ ಮನೆಮನೆಗೂ ತೋರಿಸಿ ಬಂದಿದ್ದ. ಅಲ್ಲಿ ಅದನ್ನು ಓದಬಲ್ಲವರು ಇಬ್ಬರೋ ಮೂವರೋ ಇದ್ದರು.

ಮುಂಬೈ ಸರಕಾರ ಇದ್ದ ಕಾಲದಲ್ಲಿಯೇ, ಇಪ್ಪತ್ತು ತುಂಬುವ ಹೊತ್ತಿಗೆ, ಅಮೀನುದ್ದೀನ ಪೊಲೀಸನಾದ. ಆಳು ಎತ್ತರವಿದ್ದ, ಎದೆ ಅಗಲವಿತ್ತು. ಆದರೆ ಇಲಾಖೆಯಲ್ಲಿ ಅವನನ್ನು ಮುಂದೆ ತಂದದ್ದು ಎದೆಯಲ್ಲ, ಅಕ್ಷರ. ಯಾವ ಠಾಣೆಗೆ ಹೋದರೂ ಮೂರೇ ತಿಂಗಳಿಗೆ ಸಾಹೇಬರು ಅವನನ್ನು ಗಸ್ತಿನಿಂದ ಬಿಡಿಸಿ ದಫ್ತರದ ಮುಂದೆ ಕೂಡಿಸುತ್ತಿದ್ದರು. ಇಂಡಿ ಊರಿನ ಸಂತೆಯಲ್ಲಿ ಒಮ್ಮೆ ಎತ್ತು ಕದ್ದವನೊಬ್ಬನನ್ನು ಹಿಡಿಯಲು ಹೋಗಿ ಎಡಗೈಗೆ ಕುಡುಗೋಲಿನ ಏಟು ತಿಂದ. ಎರಡು ಬೆರಳು ಶಾಶ್ವತವಾಗಿ ಸೆಟೆದುಕೊಂಡವು. ದವಾಖಾನೆಗೆ ಬಂದ ಸಾಹೇಬರು ಮೊದಲು ಕೇಳಿದ್ದು, "ಬಲಗೈ ನೆಟ್ಟಗೈತಿಲ್ಲೋ? ಬರೀಲಿಕ್ಕೆ ಬರತೈತಿಲ್ಲೋ?" ಎಂದು. ಅಮೀನುದ್ದೀನ ಅದನ್ನು ಬಹಳ ವರ್ಷ ನಗೆಯ ಮಾತಿನಂತೆ ಹೇಳುತ್ತಿದ್ದ.

ಎಪ್ಪತ್ತನಾಲ್ಕರ ಹೊತ್ತಿಗೆ ಅವನು ಜಮಾದಾರನಾಗಿ, ಅಂದರೆ ಮುಖ್ಯಪೇದೆಯಾಗಿ, ಸಿಂದಗಿ ತಾಲೂಕಿನ ಭೀಮಾ ದಂಡೆಯ ಒಂದು ಠಾಣೆಗೆ ಬಂದ. ಆ ಊರಿನ ಹೆಸರು ಬೇಡ. ದೇವಣಗಾಂವ ಅಲ್ಲಿಂದ ದೂರವಿರಲಿಲ್ಲ ಎಂದರೆ ಸಾಕು. ಠಾಣೆಯ ಹಿಂದೆ ಪೊಲೀಸ್ ಲೈನು. ಒಂದಕ್ಕೊಂದು ಅಂಟಿಕೊಂಡ ಆರು ಮನೆಗಳು. ಮೊದಲನೆಯದರಲ್ಲಿ ಅಮೀನುದ್ದೀನ, ಹೆಂಡತಿ ಜನ್ನತಬಿ, ಮಗಳು ಮೆಹರಾಜ. ಪಕ್ಕದ ಮನೆಯಲ್ಲಿ ಪೇದೆ ಬೀರಣ್ಣ ಮತ್ತು ಅವನ ಹೆಂಡತಿ ಸುಂದರವ್ವ.

ಬೀರಣ್ಣ ಬಸವನ ಬಾಗೇವಾಡಿ ಕಡೆಯವ, ಕುರಿ ಕಾಯುವವರ ಮನೆತನ. ಹೆಗಲ ಮೇಲೆ ಕಂಬಳಿ ಹೊತ್ತು ಬೆಳೆದವನಿಗೆ ಖಾಕಿ ಅಂಗಿ ಮೈಗೆ ಹತ್ತಿರಲಿಲ್ಲ. ಯಾವಾಗಲೂ ಕಾಲರಿನ ಗುಂಡಿ ಬಿಚ್ಚಿರುತ್ತಿತ್ತು. ಅಮೀನುದ್ದೀನನನ್ನು 'ಕಾಕಾ' ಎನ್ನುತ್ತಿದ್ದ. ದಿನಾ ಮುಂಜಾನೆ ಜನ್ನತಬಿಯ ಕೈಯ ಚಹಾ ಕುಡಿಯದೆ ಡ್ಯೂಟಿಗೆ ಹೋಗುತ್ತಿರಲಿಲ್ಲ. ಸುಂದರವ್ವ ರೊಟ್ಟಿ ಬಡಿದರೆ ನಾಲ್ಕು ಈ ಮನೆಗೆ ಬರುತ್ತಿದ್ದವು, ಇಲ್ಲಿ ಹಬ್ಬವಾದರೆ ಶಾವಿಗೆಯ ಸುರಕುಂಬಾ ಆ ಮನೆಗೆ ಹೋಗುತ್ತಿತ್ತು. ನಡುವಿನ ಗೋಡೆ ಎಷ್ಟು ತೆಳುವಿತ್ತೆಂದರೆ ಆ ಮನೆಯಲ್ಲಿ ಕೆಮ್ಮಿದರೆ ಈ ಮನೆಯಲ್ಲಿ ನೀರು ಕೊಡಬೇಕೆನ್ನಿಸುತ್ತಿತ್ತು.

ಆ ಠಾಣೆಯಲ್ಲಿ ಎಂಟು ಮಸ್ಕೆಟ್ ಬಂದೂಕುಗಳಿದ್ದವು. ಎಂಟನ್ನೂ ಒಂದೇ ಸರಪಳಿಯಲ್ಲಿ ಪೋಣಿಸಿ ಬೀಗ ಹಾಕಿಡುತ್ತಿದ್ದರು. ಕಾಡತೂಸುಗಳು ಬೇರೆಯೇ ಪೆಟ್ಟಿಗೆಯಲ್ಲಿ. ಆ ಪೆಟ್ಟಿಗೆಯ ಕೀಲಿ ಠಾಣೆಯ ಮುಖ್ಯಸ್ಥರಾದ ಫೌಜದಾರರ ಕಿಸೆಯಲ್ಲಿ. ಹಿಂದೆ ಯಾವನೋ ಪೇದೆ ಹೊಳೆ ದಾಟುವಾಗ ಒಂದೇ ಒಂದು ಕಾಡತೂಸು ಕಳೆದುಕೊಂಡು, ಅದರ ಸಲುವಾಗಿ ಮೂರು ವರ್ಷ ಕಾಗದ ಓಡಾಡಿ, ಆಗಿನ ಫೌಜದಾರರ ಬಡತಿ ನಿಂತುಹೋಗಿತ್ತಂತೆ. ಅಂದಿನಿಂದ ಒಂದು ಪದ್ಧತಿ ಬಿದ್ದುಬಿಟ್ಟಿತು. ಬಂದೋಬಸ್ತಿಗೆ ಮಸ್ಕೆಟ್ ಹೋಗುತ್ತಿತ್ತು, ಕಾಡತೂಸು ಹೋಗುತ್ತಿರಲಿಲ್ಲ. ಎದುರಿನವನ ಬಂದೂಕಿನಲ್ಲಿ ಗುಂಡು ಇರುತ್ತದೆ ಎಂದು ಯಾರೂ ಯೋಚಿಸಲಿಲ್ಲ, ಅಥವಾ ಯೋಚಿಸಿದರೂ ಬರೆದು ಕಳಿಸಲಿಲ್ಲ.

"ಕಾಕಾ," ಬೀರಣ್ಣ ಮಸ್ಕೆಟ್ ಹೆಗಲಿಗೇರಿಸುತ್ತ ಹೇಳುತ್ತಿದ್ದ, "ಇದಕ್ಕಿಂತ ನಮ್ಮಪ್ಪನ ಕುರಿ ಕಾಯೋ ಬಡಿಗಿ ಚಲೋ. ಹಗುರರೆ ಐತಿ."

ಎಪ್ಪತ್ತೆಂಟರಲ್ಲಿ ವಿಧಾನಸಭೆಯ ಚುನಾವಣೆ ಬಂತು. ಪರವಾನಿಗೆ ಇದ್ದವರೆಲ್ಲ ತಮ್ಮ ಬಂದೂಕುಗಳನ್ನು ಠಾಣೆಗೆ ತಂದು ಒಪ್ಪಿಸಬೇಕು, ಎಣಿಕೆ ಮುಗಿದ ಮೇಲೆ ಒಯ್ಯಬೇಕು ಎಂದು ಕಲೆಕ್ಟರರ ಹುಕುಂ ಆಯಿತು. ಹಳ್ಳಿಹಳ್ಳಿಯ ಗೌಡರು, ದೇಸಾಯಿಗಳು ಮುಖ ಗಂಟು ಹಾಕಿಕೊಂಡು ಆಳುಗಳ ಕೈಲಿ ಬಂದೂಕು ಕಳಿಸಿದರು. ಹದಿನಾಲ್ಕು ಬಂದವು. ಅಮೀನುದ್ದೀನ ಪ್ರತಿಯೊಂದರ ಕುದುರೆಗೆ ಚೀಟಿ ಕಟ್ಟಿ, ರಜಿಸ್ಟರಿನಲ್ಲಿ ಹೆಸರು, ನಂಬರು, ತಾರೀಖು ಬರೆದುಕೊಂಡ. ಬೀರಣ್ಣ ಒಂದೊಂದನ್ನೂ ಹಳೆಯ ಧೋತರದ ಚಿಂದಿಯಿಂದ ಒರೆಸಿ ಗೋಡೆಗೆ ಸಾಲಾಗಿ ನಿಲ್ಲಿಸಿದ. ಹೊಳೆಹಂಚಿನಾಳದ ಗುರಣ್ಣಗೌಡನ ಜೋಡುನಳಿಗೆ ಬಂದೂಕು ಎಲ್ಲಕ್ಕಿಂತ ಚೆಂದಿತ್ತು. ಅದರ ಹಿಡಿಯ ಮೇಲೆ ಹಿತ್ತಾಳೆಯ ನವಿಲು ಕೂರಿಸಿದ್ದರು.

"ನೋಡ್ರಿ ಕಾಕಾ, ಮದಿಮಗಳ ಹಂಗ ಐತಿ," ಎಂದ ಬೀರಣ್ಣ. ಅದನ್ನು ಎರಡು ಸಲ ಒರೆಸಿದ.

ಮತದಾನಕ್ಕೆ ಎರಡು ದಿನ ಇರುವಾಗ ಫೌಜದಾರರು ಅಮೀನುದ್ದೀನನನ್ನು ಒಳಗೆ ಕರೆದರು. ಈ ಫೌಜದಾರ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಚಿಕ್ಕ ವಯಸ್ಸು, ಓದಿದವ, ಸಿಟ್ಟು ಮಾಡುವವನಲ್ಲ. ಕೆಲಸ ಹೇಳುವಾಗ ಹೆಗಲ ಮೇಲೆ ಕೈ ಇಟ್ಟು ಹೇಳುತ್ತಿದ್ದ. ಎದುರಿನ ಕುರ್ಚಿಯಲ್ಲಿ ಗುರಣ್ಣಗೌಡನ ಕಾರಕೂನ ಚಹಾ ಕುಡಿಯುತ್ತಿದ್ದ.

"ಜಮಾದಾರ, ಗೌಡ್ರ ಬಂದೂಕು ಇವರ ಕೈಯಾಗ ಕೊಟ್ಟ ಕಳಸು. ಜ್ವಾಳದಾಗ ಹಂದಿ ಬೀಳಾಕತ್ತಾವಂತ."

ಅಮೀನುದ್ದೀನ ನಿಂತಲ್ಲೇ ನಿಂತ. ಇಪ್ಪತ್ತೇಳು ವರ್ಷದಲ್ಲಿ ಅವನು ಹುಕುಂ ಬಂದಾಗ ಮರುಮಾತು ಆಡಿದ್ದು ಕೈಬೆರಳ ಮೇಲೆ ಎಣಿಸುವಷ್ಟು.

"ಸಾಹೇಬ್ರ, ಕಲೆಕ್ಟರ್ ಸಾಹೇಬ್ರ ಹುಕುಂ ಐತ್ರಿ. ಎಣಿಕಿ ಮುಗಿಯೂಮಟ ಕೊಡಬಾರದು ಅಂತ."

"ನನಗ ಗೊತ್ತಿಲ್ಲೇನು?"

"ಹಂಗಲ್ರಿ. ಒಂದ ನಾಕ ಸಾಲು ಬರದು ಕೊಟ್ಟ್ರ..."

ಫೌಜದಾರ ಎದ್ದು ಬಂದು ಅವನ ಹೆಗಲ ಮೇಲೆ ಕೈ ಇಟ್ಟ. "ನಾ ಹೇಳಾಕತ್ತೇನಿ ಅಲಾ? ನನ್ನ ಬಾಯಿ ಹುಕುಂ ಅಲ್ಲೇನು? ಎರಡ ದಿನದ ಮಾತು. ಯಾರ ಮುಂದೂ ಸುದ್ದಿ ಮಾಡಬ್ಯಾಡ."

ಅಮೀನುದ್ದೀನ ಹೊರಗೆ ಬಂದ. ನವಿಲಿನ ಬಂದೂಕಿನ ಚೀಟಿ ಬಿಚ್ಚಿ ಕಾರಕೂನನ ಕೈಗೆ ಕೊಟ್ಟ. ಆಮೇಲೆ ರಜಿಸ್ಟರು ತೆಗೆದು ಗೌಡನ ಹೆಸರಿನ ಮುಂದೆ ಬರೆದ: 'ಫೌಜದಾರ ಸಾಹೇಬರ ತೋಂಡಿ ಹುಕುಮಿನ ಮೇರೆಗೆ ಬಂದೂಕು ವಾಪಸು ಕೊಡಲಾಗಿದೆ.' ಬಾಯಿಮಾತಿನಲ್ಲಿ ಬಂದ ಆಜ್ಞೆಗೆ ಆ ಕಡೆಯ ಕಚೇರಿಗಳಲ್ಲಿ ತೋಂಡಿ ಹುಕುಂ ಎಂದೇ ಬರೆಯುತ್ತಿದ್ದರು. ತಾರೀಖು ಹಾಕಿದ, ಸಹಿ ಮಾಡಿದ. ಬರೆದು ಇಟ್ಟ ಮೇಲೆ ಅವನಿಗೆ ಸ್ವಲ್ಪ ಸಮಾಧಾನವಾಯಿತು. ಬರೆದದ್ದಕ್ಕೆ ಸಾವಿಲ್ಲ ಎಂದು ನಂಬಿದ್ದವನು ಅವನು.

ಮನೆಗೆ ಬಂದು ಊಟಕ್ಕೆ ಕುಳಿತಾಗ ಜನ್ನತಬಿ, "ಯಾಕ, ಮಾರಿ ಸಣ್ಣದಾಗೈತಲ್ಲ?" ಎಂದಳು. ಅವನು ದನಿ ಇಳಿಸಿ ಹೇಳಿದ. ಬಾಜೂ ಮನೆಯಲ್ಲಿ ಸುಂದರವ್ವ ಖಾರ ಕುಟ್ಟುತ್ತಿದ್ದ ಸದ್ದು ಕೇಳಿಸುತ್ತಿತ್ತು. "ಯಾರ ಮುಂದೂ ಅನಬ್ಯಾಡ," ಎಂದ.

ಬೀರಣ್ಣನಿಗೆ ಅದು ಗೊತ್ತಾಗಲಿಲ್ಲ. ಆ ಎರಡು ದಿನ ಅವನು ಮತದಾನದ ಪೆಟ್ಟಿಗೆಗಳನ್ನು ಇಳಿಸುವ ಕೆಲಸದ ಮೇಲೆ ಸಿಂದಗಿಯಲ್ಲಿದ್ದ. ಮತದಾನದ ಹಿಂದಿನ ರಾತ್ರಿ ತಿರುಗಿ ಬಂದಾಗ ಬಂದೋಬಸ್ತಿನ ಯಾದಿ ತಯಾರಿತ್ತು. ಬೀರಣ್ಣನ ಹೆಸರಿನ ಮುಂದೆ ಹೊಳೆಹಂಚಿನಾಳದ ಸಾಲಿ, ಅಂದರೆ ಆ ಊರ ಶಾಲೆಯ ಮತಗಟ್ಟೆ, ಎಂದು ಅಮೀನುದ್ದೀನನ ಮುತ್ತಿನ ಅಕ್ಷರದಲ್ಲಿಯೇ ಬರೆದಿತ್ತು. ಯಾದಿ ಬರೆಯುವಾಗ ಅವನ ಲೇಖಣಿ ಆ ಹೆಸರಿನ ಹತ್ತಿರ ಒಂದು ಗಳಿಗೆ ನಿಂತದ್ದು ನಿಜ. ಬೇರೆ ಪೇದೆ ಇರಲಿಲ್ಲ ಎಂಬುದೂ ನಿಜ.

ಮತದಾನದ ಮುಂಜಾನೆ ಬೀರಣ್ಣ ಎಂದಿನಂತೆ ಬಂದು ಹೊಸ್ತಿಲ ಮೇಲೆ ಕುಳಿತ. ಜನ್ನತಬಿ ಚಹಾ ಕೊಟ್ಟಳು. ಅವನು ಕಪ್ಪಿನಿಂದ ಬಸಿಗೆ ಸುರುವಿಕೊಂಡು ಊದಿ ಊದಿ ಕುಡಿದ.

"ಗುರಣ್ಣಗೌಡ ಈ ಸಲ ಕೇರಿ ಮಂದಿಗೆ ಓಟು ಹಾಕಾಕ ಬಿಡೂದಿಲ್ಲಂತ ಕಾಕಾ. ಸಾಲಿ ಅಗಸಿಗೇ ಕುಂದರತಾನಂತ."

"ನೀ ಹುಷಾರಿಂದ ಇರು. ಮಾತು ಬೆಳಸಬ್ಯಾಡ," ಎಂದ ಅಮೀನುದ್ದೀನ.

"ಬಾಯಿಲೆ ಒದರಿ ಏನ ಮಾಡತಾನ್ರಿ? ಬಂದೂಕಂತೂ ನಮ್ಮ ಕಡೀಗೆ ಐತಿ," ಎಂದು ಬೀರಣ್ಣ ನಕ್ಕ. ಬಸಿ ಕೆಳಗಿಟ್ಟ. ಸರಪಳಿಯಿಂದ ಬಿಚ್ಚಿದ ಖಾಲಿ ಮಸ್ಕೆಟ್ ಹೆಗಲಿಗೇರಿಸಿದ. ಕಾಲರಿನ ಗುಂಡಿ ಬಿಚ್ಚೇ ಇತ್ತು.

ಅಮೀನುದ್ದೀನ ಬಾಯಿ ತೆರೆದ. ಆದರೆ ಯಾರ ಮುಂದೂ ಹೇಳಬೇಡ ಎಂದ ಫೌಜದಾರನ ಮಾತಿತ್ತು. ಅದಕ್ಕಿಂತ ಹೆಚ್ಚಾಗಿ, ಕಾಕಾ ಕಾಕಾ ಎನ್ನುವ ಈ ಹುಡುಗನ ಎದುರು, ಗೌಡನ ಕಾರಕೂನನಿಗೆ ತಲೆ ಬಗ್ಗಿಸಿ ಬಂದೂಕು ಕೊಟ್ಟೆ ಎಂದು ಹೇಳಲು ಅವನಿಗೆ ನಾಚಿಕೆಯಾಯಿತು. "ಲಗೂನ ಬಾ," ಎಂದಷ್ಟೇ ಅಂದ.

ಮಧ್ಯಾಹ್ನ ಎರಡರ ಸುಮಾರಿಗೆ ಸುದ್ದಿ ಬಂತು. ಸೈಕಲ್ ತುಳಿದುಕೊಂಡು ಬಂದ ಆ ಊರಿನ ಓಲೆಕಾರ ಠಾಣೆಯ ಮೆಟ್ಟಿಲ ಮೇಲೆ ಕುಸಿದು ಕುಳಿತ. ಅವನಿಗೆ ಮೊದಲು ನೀರು ಕುಡಿಸಬೇಕಾಯಿತು.

ಅವನು ಹೇಳಿದ್ದಿಷ್ಟು. ಗೌಡ ಸಾಲಿಯ ಎದುರಿನ ಕಟ್ಟೆಯ ಮೇಲೆ ಬಂದೂಕು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಕೇರಿಯ ಹೆಣ್ಣುಮಕ್ಕಳು ಬಂದು, ಬಂದೂಕು ನೋಡಿ, ಹಿಂದೆ ಸರಿದರು. ಬೀರಣ್ಣ ಕಟ್ಟೆಯ ಹತ್ತಿರ ಹೋದ. ಮೊದಲು ಅವನಿಗೆ ಅದು ಯಾವ ಬಂದೂಕೆಂದು ತಿಳಿಯಲಿಲ್ಲ. ನವಿಲು ಕಂಡ ಮೇಲೆ ಅವನ ಮುಖ ಬದಲಾಯಿತು.

"ಗೌಡ್ರ, ಇದು ನಮ್ಮ ಠಾಣೇದಾಗಿಂದು. ಇಲ್ಲಿಗೆ ಹ್ಯಾಂಗ ಬಂತಿದು? ಕಳುವು ಮಾಡ್ಸೀರೇನು?"

ಗೌಡ ನಕ್ಕನಂತೆ. "ಹೋಗಿ ನಿಮ್ಮ ಜಮಾದಾರನ್ನ ಕೇಳು, ಹೋಗು."

ಬೀರಣ್ಣ ಅದನ್ನು ನಂಬಲಿಲ್ಲ. ಠಾಣೆಯ ಬಂದೂಕು ಕದ್ದಿದ್ದಾರೆ, ಅದರ ಹೊಣೆ ಕಾಕಾನ ಮೇಲೆ ಬರುತ್ತದೆ ಎಂದೇ ಅವನು ತಿಳಿದಿರಬೇಕು. "ಕೊಡ್ರಿ ಇಲ್ಲೆ," ಎಂದು ನಳಿಗೆಗೆ ಕೈ ಹಾಕಿದ. ಗೌಡ ಜಗ್ಗಿದ. ಎರಡು ನಳಿಗೆಯಲ್ಲಿ ಒಂದು ಹಾರಿತು. ಬೀರಣ್ಣನ ಹೆಗಲಲ್ಲಿದ್ದ ಮಸ್ಕೆಟ್ ಅವನಿಗಿಂತ ಮೊದಲು ನೆಲಕ್ಕೆ ಬಿತ್ತಂತೆ.

ಸಾಲಿಯ ಬಾಗಿಲನ್ನೇ ಬಿಚ್ಚಿ ಅದರ ಮೇಲೆ ಮಲಗಿಸಿ ತಂದರು. ದಾರಿಯಲ್ಲಿಯೇ ಜೀವ ಹೋಗಿತ್ತು.

ಅದಾದ ಮೂರನೆಯ ದಿನ ಫೌಜದಾರ ಅಮೀನುದ್ದೀನನನ್ನು ಮತ್ತೆ ಒಳಗೆ ಕರೆದ. ಈ ಸಲ ಬಾಗಿಲು ಹಾಕಿದ. ಅವನ ಕಣ್ಣುಗಳು ನಿದ್ದೆಗೆಟ್ಟು ಕೆಂಪಾಗಿದ್ದವು. ರಜಿಸ್ಟರು ಮೇಜಿನ ಮೇಲಿತ್ತು.

"ಇದೇನಿದು? ತೋಂಡಿ ಹುಕುಂ ಅಂತ ಯಾಕ ಬರದಿ?"

"ಆಗಿದ್ದ ಬರದೇನ್ರಿ."

"ಈ ಹಾಳಿ ತಗದು ಹೊಸಾದು ಬರಿ. ಬೀರಣ್ಣ ತಾನ ಬಂದೂಕು ಒಯ್ದು ಗೌಡ್ರಿಗೆ ಕೊಟ್ಟಾನ, ಅವರಿಂದ ಏನೋ ಆಸೆಕ್ಕ ಬಿದ್ದು. ಹಂಗ ಬರಿ. ಸತ್ತಾಂವಗ ಏನ ಆಗೂದೈತಿ? ನೀನೂ ಉಳೀತಿ, ನಾನೂ ಉಳೀತೇನಿ."

ಅಮೀನುದ್ದೀನ ಮೇಜಿನ ಮೇಲಿನ ಹಾಳೆಯನ್ನು ನೋಡಿದ. ಹಾಗೆ ಬರೆದರೆ ಡ್ಯೂಟಿಯ ಮೇಲೆ ಸತ್ತವನ ಹೆಂಡತಿಗೆ ಬರುವ ಪೆನ್ಷನ್ ಬರುವುದಿಲ್ಲ; ಬೀರಣ್ಣನ ಹೆಸರಿನ ಮುಂದೆ ಕಳ್ಳ ಎಂದು ಬರೆದಂತೆ. ಆದರೆ ತನ್ನ ಮಗಳ ಲಗ್ನ ಗೊತ್ತಾಗಿದೆ; ನೌಕರಿ ಹೋದರೆ ಬೀಗರು ಏನೆನ್ನುತ್ತಾರೋ. ಇವೆರಡನ್ನೂ ಅವನು ತೂಗಿದ. ತೂಗಲಿಲ್ಲ ಎಂದರೆ ಸುಳ್ಳಾಗುತ್ತದೆ.

"ಆಗೂದಿಲ್ರಿ ಸಾಹೇಬ್ರ," ಎಂದ ಕೊನೆಗೆ. "ಹುಡುಗ ನಮ್ಮ ಮನಿ ಚಹಾ ಕುಡದು ಹೋಗ್ಯಾನ."

ಫೌಜದಾರ ಈ ಸಲ ಹೆಗಲ ಮೇಲೆ ಕೈ ಇಡಲಿಲ್ಲ. "ಹಂಗಾರ ನಾ ಹುಕುಂ ಕೊಟ್ಟೇ ಇಲ್ಲ," ಎಂದ. "ನಿನ್ನ ಅಕ್ಷರ, ನಿನ್ನ ಸಹಿ. ನೀನ ನೋಡ್ಕೊ."

ಅವನು ಹೇಳಿದಂತೆಯೇ ಆಯಿತು. ಅಮೀನುದ್ದೀನನನ್ನು ಸಸ್ಪೆಂಡ್ ಮಾಡಿದರು. ಮಳೆಗಾಲದಲ್ಲಿ ಇಲಾಖೆಯ ವಿಚಾರಣೆ ನಡೆಯಿತು. ಮೇಲಿನಿಂದ ಬಂದ ಅಧಿಕಾರಿ ನಾಲ್ಕು ದಿನ ಕುಳಿತು ನೂರಾರು ಪ್ರಶ್ನೆ ಕೇಳಿದ. ಬಂದೂಕಿನ ನಂಬರೇನು, ಚೀಟಿ ಯಾರು ಬಿಚ್ಚಿದರು, ವೇಳೆ ಎಷ್ಟಾಗಿತ್ತು, ಲೇಖಿ ಹುಕುಂ ಎಲ್ಲಿದೆ. ಮಸ್ಕೆಟ್ಟಿನಲ್ಲಿ ಗುಂಡು ಯಾಕಿರಲಿಲ್ಲ ಎಂದು ಅವನು ಕೇಳಲಿಲ್ಲ. ಬಂದೂಕಿನ ಗೌಡ ಕುಳಿತ ಊರಿಗೆ ಒಬ್ಬನೇ ಪೇದೆಯನ್ನು ಯಾಕೆ ಕಳಿಸಿದಿರಿ ಎಂದೂ ಕೇಳಲಿಲ್ಲ. ಅಮೀನುದ್ದೀನ ತಾನಾಗಿಯೇ ಹೇಳಲು ಹೋದಾಗ, "ಅದು ಈ ವಿಚಾರಣೆಗೆ ಸಂಬಂಧಪಟ್ಟದ್ದಲ್ಲ," ಎಂದು ಅಧಿಕಾರಿ ಲೇಖಣಿ ಎತ್ತಿ ಹಿಡಿದ.

ಫೌಜದಾರ ತಾನು ಅಂಥ ಹುಕುಂ ಕೊಟ್ಟೇ ಇಲ್ಲ ಎಂದು ಬರೆದುಕೊಟ್ಟ. ತೋಂಡಿ ಹುಕುಮಿಗೆ ಸಾಕ್ಷಿ ಯಾರು? ಚಹಾ ಕುಡಿಯುತ್ತಿದ್ದ ಕಾರಕೂನ ಗೌಡನ ಮನುಷ್ಯ. ಅವನು ಬಂದು, "ಜಮಾದಾರ್ರ ಕೊಟ್ರು, ನಾ ಇಸ್ಕೊಂಡೆ," ಎಂದು ಹೇಳಿ ಹೋದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ದಸರೆ ಮುಗಿದ ವಾರ ಕಾಗದ ಬಂತು. ಲೇಖಿ ಆಜ್ಞೆ ಇಲ್ಲದೆ ಆಯುಧ ಬಿಟ್ಟುಕೊಟ್ಟ ತಪ್ಪಿಗೆ ಜಮಾದಾರ ಅಮೀನುದ್ದೀನನನ್ನು ನೌಕರಿಯಿಂದ ತೆಗೆಯಲಾಗಿದೆ. ಫೌಜದಾರನಿಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ಅವನ ಹೆಂಡತಿಯ ತವರು ಅದೇ ಜಿಲ್ಲೆಯಲ್ಲಿತ್ತು ಎಂದು ಆಮೇಲೆ ತಿಳಿಯಿತು.

ಪೊಲೀಸ್ ಲೈನಿನ ಮನೆ ಬಿಡಬೇಕಾಯಿತು. ಸುಂದರವ್ವ ಬಾಜೂ ಮನೆ ಬಿಟ್ಟು ಗಂಡನ ಊರಿಗೆ ಹೋಗಿ ಆಗಲೇ ಆರು ತಿಂಗಳಾಗಿತ್ತು. ಅಮೀನುದ್ದೀನ ಮುದ್ದೇಬಿಹಾಳಕ್ಕೆ ಮರಳಿ, ಅಪ್ಪನ ತಿದಿ, ಇಕ್ಕಳ, ಕಲಾಯಿಗೆ ಬೇಕಾದ ನವಸಾಗರದ ಡಬ್ಬಿಗಳನ್ನು ಅಟ್ಟದಿಂದ ಇಳಿಸಿದ. ನಲವತ್ತೇಳನೆಯ ವಯಸ್ಸಿನಲ್ಲಿ ತಾಳಿಕೋಟೆ ಸಂತೆಗೆ ಹೋಗಿ ಕಲಾಯಿ ಹಾಕತೊಡಗಿದ. ಸೆಟೆದ ಎರಡು ಬೆರಳುಗಳಿಂದ ಬಿಸಿ ಪಾತ್ರೆ ಹಿಡಿಯಲು ಬರುತ್ತಿರಲಿಲ್ಲ. ಎಷ್ಟೋ ಸಲ ಕೈ ಸುಟ್ಟುಕೊಂಡ. ಮೆಹರಾಜಳ ಲಗ್ನ ಹೇಗೋ ಮುರಿಯದೆ ಆಯಿತು. ಆದರೆ ಬೀಗರು ಮದುವೆಯ ಚಪ್ಪರದಲ್ಲಿ, "ಇವ್ರು ಮೊದಲ ಪೊಲೀಸರಿದ್ರು," ಎಂದು ಪರಿಚಯ ಮಾಡಿಕೊಟ್ಟಾಗ, 'ಮೊದಲ' ಎಂಬ ಮಾತಿಗೆ ಕೊಟ್ಟ ಒತ್ತು ಅವನ ಕಿವಿಯಲ್ಲಿ ಉಳಿಯಿತು.

ಮರುವರ್ಷದ ಆರಂಭದಲ್ಲಿ ಗೌಡನ ಮೇಲಿನ ಖಟ್ಲೆ ಕೋರ್ಟಿಗೆ ಬಂತು. ಅಮೀನುದ್ದೀನ ಸಾಕ್ಷಿ. ಜನ್ನತಬಿ ಇಸ್ತ್ರಿ ಮಾಡಿಸಿದ ಬಿಳಿ ಅಂಗಿ ತೊಟ್ಟು ಹೋದ. ಇಲಾಖೆ ನಂಬದಿದ್ದರೇನು, ನ್ಯಾಯಾಧೀಶರಾದರೂ ನಂಬುತ್ತಾರೆ ಎಂಬ ಆಸೆ ಅವನಿಗೆ ಇನ್ನೂ ಇತ್ತು.

ಗೌಡನ ವಕೀಲರು ರಜಿಸ್ಟರನ್ನು ಅವನ ಮುಂದೆ ಹಿಡಿದರು.

"ಈ ಅಕ್ಷರ ಯಾರದು?"

"ನಂದ್ರಿ."

"ಓದ್ರಿ ಕೋರ್ಟಿಗೆ."

ಅವನು ಓದಿದ.

"ಇದು ಖರೇನೋ ಸುಳ್ಳೋ?"

"ಖರೇ ಐತ್ರಿ. ದೇವರಾಣಿ ಖರೇ."

"ಅಂದ್ರ ನಮ್ಮ ಗೌಡ್ರು ಬಂದೂಕು ಕದ್ದಿಲ್ಲ, ಕಸಗೊಂಡಿಲ್ಲ. ಪೊಲೀಸರು ತಾವಾಗೇ ಕೊಟ್ಟಾರ. ಹೌದಲ್ಲೋ?"

ಅಮೀನುದ್ದೀನನಿಗೆ "ಹೌದ್ರಿ," ಎನ್ನದೆ ಬೇರೆ ದಾರಿಯಿರಲಿಲ್ಲ.

ವಕೀಲರು ಕೋರ್ಟಿನ ಕಡೆಗೆ ತಿರುಗಿ ಆ ಸಾಲನ್ನು ಮತ್ತೊಮ್ಮೆ, ಒಂದೊಂದೇ ಶಬ್ದ ಬಿಡಿಸಿ ಓದಿದರು. ಫೌಜದಾರರ ಹುಕುಮಿನಿಂದ ಠಾಣೆಯೇ ಮರಳಿಸಿದ ಬಂದೂಕು, ಪರವಾನಿಗೆ ಚಾಲ್ತಿಯಲ್ಲಿದೆ, ಹುಕುಂ ಮುರಿದು ಆಯುಧ ಇಟ್ಟುಕೊಂಡ ಆರೋಪ ನಿಲ್ಲುವುದು ಹೇಗೆ? ಫೌಜದಾರ ಸಾಕ್ಷಿಕಟ್ಟೆಯಲ್ಲಿ, "ನೆನಪಿಲ್ಲ," ಎಂದ. ಇನ್ನು ಗುಂಡು ಹಾರಿದ ಮಾತು. ಕೇರಿಯ ಜನ, ಸುದ್ದಿ ತಂದ ಓಲೆಕಾರ, ಒಬ್ಬರೂ ಬಾಯಿ ಬಿಡಲಿಲ್ಲ. ಅವರು ಅದೇ ಊರಿನಲ್ಲಿ ಬಾಳಬೇಕಿತ್ತು. ಪೇದೆಯೇ ತುಂಬಿದ ಬಂದೂಕಿಗೆ ಕೈ ಹಾಕಿ ಜಗ್ಗಿದ, ಜಗ್ಗಾಟದಲ್ಲಿ ಹಾರಿತು ಎಂದಾಯಿತು. ಗುರಣ್ಣಗೌಡ ಬಿಡುಗಡೆಯಾದ.

ಅಮೀನುದ್ದೀನ ಕೋರ್ಟಿನ ಬೇವಿನ ಗಿಡದ ಕೆಳಗೆ ಬಹಳ ಹೊತ್ತು ಕುಳಿತಿದ್ದ. ಅವನು ಬರೆದದ್ದು ಒಂದೇ ಸಾಲು. ಇಲಾಖೆ ಅದನ್ನು ಸುಳ್ಳೆಂದು ಅವನ ಅನ್ನ ಕಿತ್ತುಕೊಂಡಿತು. ಕೋರ್ಟು ಅದನ್ನು ಖರೆಯೆಂದು ಗೌಡನನ್ನು ಬಿಟ್ಟಿತು. ಸಾಲು ಬದಲಾಗಿರಲಿಲ್ಲ. ಮುಂದೆ ಬೇಸಗೆಯಲ್ಲಿ ನವಿಲಿನ ಬಂದೂಕು ಗೌಡನಿಗೆ ಮರಳಿ ಹೋಯಿತಂತೆ. ಆ ಸಲ ಅದಕ್ಕೆ ಮೂರು ಪ್ರತಿ ಕಾಗದ ಇದ್ದವು, ಎಲ್ಲದರ ಮೇಲೂ ಸಹಿ ಇತ್ತು ಎಂದು ಹಳೆಯ ಠಾಣೆಯವನೊಬ್ಬ ಸಂತೆಯಲ್ಲಿ ಸಿಕ್ಕಾಗ ಹೇಳಿದ.

ಅಮೀನುದ್ದೀನನಿಗೆ ಇನ್ನು ಒಂದೇ ಜಾಗ ಉಳಿದಿತ್ತು. ಬೀರಣ್ಣನ ಹೆಸರಿಗೆ ಮಸಿ ಬಳಿಯಲು ತಾನು ಒಪ್ಪಲಿಲ್ಲ, ಅದಕ್ಕಾಗಿಯೇ ತನ್ನ ನೌಕರಿ ಹೋಯಿತು, ಇದನ್ನು ಸುಂದರವ್ವಗಾದರೂ ಹೇಳಬೇಕು. ಲೋಕದಲ್ಲಿ ಒಂದು ಜೀವಕ್ಕಾದರೂ ಇದು ತಿಳಿದಿರಲಿ. ಹಾಗೆಂದುಕೊಂಡು ಒಂದು ಮುಂಜಾನೆ ಬಸ್ಸು ಹತ್ತಿ ಬಸವನ ಬಾಗೇವಾಡಿಗೆ ಹೋಗಿ, ಅಲ್ಲಿಂದ ಎರಡು ಹರದಾರಿ ನಡೆದ.

ಸುಂದರವ್ವ ಭಾವನ ಮನೆಯ ಪಡಸಾಲೆಯಲ್ಲಿ ಉಣ್ಣೆ ಹಿಂಜುತ್ತ ಕುಳಿತಿದ್ದಳು. ಸೊರಗಿದ್ದಳು. ಅವನನ್ನು ಕಂಡು ಎದ್ದು ಸೆರಗು ಸರಿಮಾಡಿಕೊಂಡಳು. "ಬರ್ರಿ ಕಾಕಾ," ಎಂದು ಕಂಬಳಿ ಹಾಸಿದಳು. ತಂಬಿಗೆಯಲ್ಲಿ ನೀರು, ಬಟ್ಟಲಲ್ಲಿ ಬೆಲ್ಲ ತಂದಿಟ್ಟಳು. ಜನ್ನತಬಿ, ಮೆಹರಾಜ ಹೇಗಿದ್ದಾರೆಂದು ಕೇಳಿದಳು. ಪೆನ್ಷನ್ ಬರಲು ಶುರುವಾಗಿದೆ ಎಂದಳು.

ಅಮೀನುದ್ದೀನ ಎಲ್ಲವನ್ನೂ ಹೇಳಿದ. ಬಾಗಿಲು ಹಾಕಿ ಫೌಜದಾರ ಹೇಳಿದ ಮಾತು, ತಾನು ಒಲ್ಲೆ ಎಂದದ್ದು, ವಿಚಾರಣೆ, ಕೋರ್ಟು.  ಸುಂದರವ್ವ ಉಣ್ಣೆಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು. 

"ಕಾಕಾ, ಬಂದೂಕು ಎಂದ ಕೊಟ್ರಿ?"

"ಎರಡ ದಿನ ಮೊದಲ, ತಂಗಿ."

"ಅವತ್ತ ಮುಂಜಾನಿ ಅವ್ರು ನಿಮ್ಮ ಹೊಸ್ತಲದಾಗ ಕುಂತು ಚಹಾ ಕುಡದ್ರು. ನಾ ಅಂಗಳಾ ಬಳೀತಿದ್ದೆ. ಬಂದೂಕು ನಮ್ಮ ಕಡೀಗೆ ಐತಿ ಅಂತ ಅವ್ರು ಅಂದದ್ದು ನನಗ ಕೇಳಿಸಿತ್ತು."

ಅವನು ತಲೆ ತಗ್ಗಿಸಿದ.

"ಆಗ ಯಾಕ ಹೇಳಲಿಲ್ರಿ? ಒಂದ ಮಾತು. ಬೀರಣ್ಣ, ಬಂದೂಕು ಗೌಡನ ಕಡೆ ಐತಿ, ನೀ ದೂರ ನಿಂದ್ರು. ಇಷ್ಟ. ದೂರ ನಿಂತು ಮಾತಾಡ್ತಿದ್ರು. ಕಳುವಾಗೈತಿ ಅಂತ ತಿಳದು, ನಿಮಗ ತ್ರಾಸ ಆಗತೈತಿ ಅಂತ ಕೈ ಹಾಕಿದ್ರು ಅವ್ರು."

ನಾಲ್ಕು ದಿನ ಕುಳಿತ ಅಧಿಕಾರಿಯಾಗಲಿ, ಕರಿಕೋಟಿನ ವಕೀಲರಾಗಲಿ ಈ ಪ್ರಶ್ನೆ ಕೇಳಿರಲಿಲ್ಲ. ಅಮೀನುದ್ದೀನ ಮಾತ್ರ ಒಂದು ವರ್ಷದಿಂದ ದಿನಾ ಕೇಳಿಕೊಳ್ಳುತ್ತಿದ್ದ. ಉತ್ತರ ಅವನಲ್ಲಿತ್ತು, ಆದರೆ ಅದು ಬಾಯಿಬಿಟ್ಟು ಆಡುವಂಥದಾಗಿರಲಿಲ್ಲ. ಆದರೂ ಆಡಿದ.

"ನಾಚಿಕಿ ಬಂತವ್ವಾ."

"ನಾಚಿಕಿ," ಎಂದಳು ಸುಂದರವ್ವ. ಅಳಲಿಲ್ಲ, ಬೈಯಲಿಲ್ಲ. ಮಡಿಲಿನ ಉಣ್ಣೆ ಎತ್ತಿಕೊಂಡು ಮತ್ತೆ ಹಿಂಜತೊಡಗಿದಳು. ಅವನು ಎದ್ದು ನಿಂತಾಗ, ಉಂಡು ಹೋಗಿರಿ ಎನ್ನಲಿಲ್ಲ. ಆ ಸೀಮೆಯಲ್ಲಿ ಹಗೆಯವನಿಗೂ ಹಾಗೆನ್ನದೆ ಕಳಿಸುವುದಿಲ್ಲ.

ಮರುದಿನ ಮಧ್ಯಾಹ್ನ ಮನೆ ಮುಟ್ಟಿದ. ಜನ್ನತಬಿ ಕಾಲಿಗೆ ನೀರು ಕೊಟ್ಟು, "ಹ್ಯಾಂಗದಾಳ್ರಿ ಸುಂದರವ್ವ? ಏನಂದ್ಳು?" ಎಂದು ಕೇಳಿದಳು. ಅವನು ಮುಚ್ಚಿಡಲಿಲ್ಲ. ಸುಂದರವ್ವ ಕೇಳಿದ್ದನ್ನು ಅವಳ ಮಾತಿನಲ್ಲಿಯೇ ಹೇಳಿದ. ಹೆಂಡತಿ ಏನಾದರೂ ಸಮಾಧಾನ ಹೇಳಿಯಾಳು, ನಿಮ್ಮದೇನು ತಪ್ಪು, ಮೇಲಿನವರ ತಪ್ಪು ಎಂದಾಳು ಎಂದು ಅವನು ಕಾದದ್ದು ಸುಳ್ಳಲ್ಲ.

ಜನ್ನತಬಿ ಗೋಡೆಗೆ ಆತು ಕುಳಿತಳು.

"ನಾನೂ ಹೇಳಬಹುದಿತ್ತು," ಎಂದಳು. "ಆ ಎರಡ ದಿನ ಸುಂದರವ್ವ ನಮ್ಮನಿಗೆ ಎಷ್ಟ ಸಲ ಬಂದ್ಳು. ಅವತ್ತ ಬಸಿ ನನ್ನ ಕೈಯಿಂದನ ಅವನ ಕೈಗೆ ಹೋತು. ನನಗೂ ಗೊತ್ತಿತ್ತಲ್ರಿ. ನೀವು ಅನಬ್ಯಾಡ ಅಂದಿದ್ರಿ, ನಾ ಅನಲಿಲ್ಲ."

ಅಮೀನುದ್ದೀನ ಅವಳ ಮುಖ ನೋಡಿದ. ತನ್ನ ಬಾಯಿಂದ ಬಂದ ಆ ಮಾತನ್ನು ಅವಳೂ ಹುಕುಮಿನ ಹಾಗೆ ಪಾಲಿಸಿದ್ದಳು ಎಂಬುದು ಅಲ್ಲಿಯವರೆಗೆ ಅವನ ಲಕ್ಷ್ಯಕ್ಕೇ ಬಂದಿರಲಿಲ್ಲ.

ಆಮೇಲೆ ಆ ಮನೆಯಲ್ಲಿ ಬೀರಣ್ಣನ ಮಾತು ಯಾರೂ ಎತ್ತಲಿಲ್ಲ. ಈದ್ ಬಂತು. ಜನ್ನತಬಿ ಸುರಕುಂಬಾ ಮಾಡಿದಳು. ಬಸವನ ಬಾಗೇವಾಡಿಗೆ ಹೋಗುವವರು ಯಾರಾದರೂ ಇದ್ದಾರೇನು ಎಂದು ಕೇಳಲಿಲ್ಲ. ಅಮೀನುದ್ದೀನ ಸಂತೆಯ ದಿನ ತಾಳಿಕೋಟೆಗೆ ಹೋಗುತ್ತಿದ್ದ, ಉಳಿದ ದಿನ ಮುದ್ದೇಬಿಹಾಳದ ಓಣಿಗಳಲ್ಲಿ ತಿರುಗುತ್ತಿದ್ದ. ಜನ ಈಗಲೂ ಅವನನ್ನು ಜಮಾದಾರ್ರ ಎಂದೇ ಕರೆಯುತ್ತಿದ್ದರು. ಅರ್ಜಿ ಬರೆಸಿಕೊಳ್ಳಲು ಬಂದವರಿಗೆ ಮಾತ್ರ, "ನನ್ನ ಕೈಲೆ ಈಗ ಬರೀಲಿಕ್ಕೆ ಬರೂದಿಲ್ಲ," ಎಂದು ಕಲಾಯಿಯ ಮಸಿ ಹತ್ತಿದ ಬಲಗೈಯನ್ನು ಎತ್ತಿ ತೋರಿಸುತ್ತಿದ್ದ. ಅದು ನೆಟ್ಟಗೇ ಇತ್ತು.